ನೋವಿಲ್ಲದ ಪಾದ: ಒಂದು ಸುಟ್ಟಗಾಯದ ಪ್ರಕರಣ ಅಧ್ಯಯನ

ಈ ಬರಹದಲ್ಲಿ ರೋಗಿಯ ಹೆಸರು, ವೃತ್ತಿ, ಊರು, ಚಿಕಿತ್ಸೆ ನಡೆದ ಆಸ್ಪತ್ರೆ ಯಾವುದನ್ನೂ ಹೇಳಿಲ್ಲ. ಗಾಯ ಯಾವ ಜಾಗದಲ್ಲಿತ್ತು, ಎಷ್ಟು ಆಳಕ್ಕೆ ಇಳಿದಿತ್ತು, ನಾವು ಯಾವ ದಿನ ಯಾವ ತೀರ್ಮಾನಕ್ಕೆ ಬಂದೆವು ಎಂಬುದಷ್ಟೇ ಇಲ್ಲಿ ಮುಖ್ಯ. ಚರ್ಮದ ರಚನೆಯನ್ನು ಚಿತ್ರ ನೋಡಿ ಕಲಿತವರಿಗೆ ಅದರ ಪದರಗಳ ಹೆಸರು ನೆನಪಿರುತ್ತದೆ. ಆ ಪದರಗಳಲ್ಲಿ ಯಾವುದು ಉಳಿದರೆ ಏನು ಉಳಿಯುತ್ತದೆ, ಯಾವುದು ಹೋದರೆ ಏನು ಹೋಗುತ್ತದೆ ಎಂಬುದನ್ನು ಈ ಒಂದು ಕಾಲು ನಮಗೆ ಒಂದೂವರೆ ವರ್ಷದುದ್ದಕ್ಕೂ ತೋರಿಸಿಕೊಟ್ಟಿತು.

ಹಿನ್ನೆಲೆ

ಮಧ್ಯವಯಸ್ಸಿನ, ಬೇರೆ ಯಾವ ಕಾಯಿಲೆಯೂ ಇಲ್ಲದ ವ್ಯಕ್ತಿಯೊಬ್ಬರು ಒಲೆಯಿಂದ ಕುದಿನೀರಿನ ಪಾತ್ರೆಯನ್ನು ಇಳಿಸುತ್ತಿದ್ದಾಗ ಅದು ಕೈಜಾರಿತು. ನೀರು ಎಡತೊಡೆಯ ಮುಂಭಾಗಕ್ಕೆ ಬಿದ್ದು, ಮೊಣಕಾಲಿನ ಕೆಳಗೆ ಹರಿದು, ಕಣಕಾಲಿನ ಬಳಿ ದಪ್ಪ ಕಾಲ್ಚೀಲದೊಳಗೆ ಇಳಿಯಿತು. ಹೊರಗೆ ಹೊರಟಿದ್ದರಿಂದ ಅವರು ಆಗಲೇ ಶೂ ತೊಟ್ಟಿದ್ದರು. ತೊಡೆಯ ಉರಿ ತಾಳಲಾರದೆ ಕೂಡಲೇ ಬಟ್ಟೆ ಕಿತ್ತೆಸೆದು ನಲ್ಲಿಯ ಕೆಳಗೆ ತೊಡೆಯೊಡ್ಡಿ ಕುಳಿತರು. ಮನೆಯವರು ಕಾಲು ಗಂಟೆಗೂ ಹೆಚ್ಚು ಹೊತ್ತು ತೊಡೆಯ ಮೇಲೆ ತಣ್ಣೀರು ಹರಿಸಿದರು. ಅದು ಸರಿಯಾದ ಕ್ರಮವೇ. ಸುಟ್ಟ ಚರ್ಮದ ಮೇಲೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬಿಡುವುದಕ್ಕಿಂತ ಉತ್ತಮವಾದ ಪ್ರಥಮ ಚಿಕಿತ್ಸೆ ಇಲ್ಲ. ಆದರೆ ಅಷ್ಟು ಹೊತ್ತೂ ಶೂ ಕಾಲಿನಲ್ಲೇ ಇತ್ತು. ಪಾದ ನೋಯುತ್ತಿರಲಿಲ್ಲವಾದ್ದರಿಂದ ಅದರ ಕಡೆಗೆ ಯಾರ ಗಮನವೂ ಹೋಗಲಿಲ್ಲ. ಶೂ ಬಿಚ್ಚಿದ್ದು ಸುಮಾರು ಇಪ್ಪತ್ತು ನಿಮಿಷಗಳ ನಂತರ, ಆಸ್ಪತ್ರೆಗೆ ಹೊರಡುವಾಗ.

ಈ ಇಪ್ಪತ್ತು ನಿಮಿಷವೇ ಇಡೀ ಪ್ರಕರಣದ ಬೇರು. ಬಿಸಿನೀರು ಚರ್ಮವನ್ನು ಎಷ್ಟು ಆಳಕ್ಕೆ ಸುಡುತ್ತದೆ ಎಂಬುದು ನೀರಿನ ಬಿಸಿ ಮತ್ತು ಅದು ಚರ್ಮಕ್ಕೆ ತಾಗಿಕೊಂಡಿರುವ ಹೊತ್ತು ಎರಡನ್ನೂ ಅವಲಂಬಿಸುತ್ತದೆ. ಮೊರಿಟ್ಜ್ ಮತ್ತು ಹೆನ್ರಿಕ್ಸ್ 1947ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ಸಂಬಂಧವನ್ನು ಸ್ಪಷ್ಟವಾಗಿ ತೋರಿಸಿದವು: 60 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕೆಲವೇ ಸೆಕೆಂಡುಗಳಲ್ಲಿ ಆಗುವ ಹಾನಿಗೆ 49 ಡಿಗ್ರಿಯಲ್ಲಿ ಹಲವು ನಿಮಿಷ ಬೇಕಾಗುತ್ತದೆ. ತೊಡೆಯ ಮೇಲೆ ಬಿದ್ದ ನೀರು ಹರಿದುಹೋಯಿತು, ಬಟ್ಟೆ ಕಳಚಿತು, ತಣ್ಣೀರು ಬಂತು. ಕಾಲ್ಚೀಲದೊಳಗಿನ ನೀರಿಗೆ ಹರಿದುಹೋಗಲು ದಾರಿಯಿರಲಿಲ್ಲ. ಒದ್ದೆಯಾದ ದಪ್ಪ ಬಟ್ಟೆ ಮತ್ತು ಮುಚ್ಚಿದ ಶೂ ಎರಡೂ ಸೇರಿ ಬಿಸಿಯನ್ನು ಪಾದದ ಮೇಲ್ಭಾಗಕ್ಕೆ ಒತ್ತಿ ಹಿಡಿದವು.

ಮೊದಲ ಮೂರು ದಿನ

ಹತ್ತಿರದ ಚಿಕಿತ್ಸಾಲಯದಲ್ಲಿ ನೋವು ಕಡಿಮೆಯಾಗಲು ಮದ್ದು, ಧನುರ್ವಾಯು ತಡೆಯುವ ಚುಚ್ಚುಮದ್ದು ಕೊಟ್ಟು, ಗಾಯದ ಮೇಲೆಲ್ಲ ಬೆಳ್ಳಿಯ ಅಂಶವಿರುವ ಬಿಳಿ ಮುಲಾಮು ಹಚ್ಚಿ ಡ್ರೆಸ್ಸಿಂಗ್ ಮಾಡಿದರು. ಅಲ್ಲಿನ ಟಿಪ್ಪಣಿಯಲ್ಲಿ ಎರಡು ಸಾಲುಗಳಿದ್ದವು. ತೊಡೆಯಲ್ಲಿ ಬೊಬ್ಬೆಗಳು, ತೀವ್ರ ನೋವು, ಗಂಭೀರ ಗಾಯ. ಪಾದದ ಮೇಲೆ ಕೆಂಪು, ನೋವಿಲ್ಲ, ಸೌಮ್ಯ ಗಾಯ. ರೋಗಿಯೂ ಮನೆಯವರೂ ನಂಬಿದ್ದು ಅದನ್ನೇ. ಹೆಚ್ಚು ನೋಯುವುದು ಹೆಚ್ಚು ಕೆಟ್ಟಿದೆ ಎಂದು ತಿಳಿಯುವುದು ಸಹಜ, ಏಕೆಂದರೆ ದೇಹದ ಬೇರೆ ಬಹುಪಾಲು ಪೆಟ್ಟುಗಳಲ್ಲಿ ಈ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ.

ಸುಟ್ಟಗಾಯದಲ್ಲಿ ಅದು ತಲೆಕೆಳಗಾಗುವುದು ಏಕೆಂದು ತಿಳಿಯಲು ಚರ್ಮವನ್ನು ಅಡ್ಡಕ್ಕೆ ಕತ್ತರಿಸಿ ನೋಡಿದಂತೆ ಕಲ್ಪಿಸಿಕೊಳ್ಳಬೇಕು. ಮೇಲ್ಗಡೆ ಹೊರಚರ್ಮ. ದೇಹದ ಹೆಚ್ಚಿನ ಭಾಗದಲ್ಲಿ ಅದರ ದಪ್ಪ ಸುಮಾರು 0.1 ಮಿಲಿಮೀಟರ್ ಮಾತ್ರ, ಅಂದರೆ ಒಂದು ಕಾಗದದ ಹಾಳೆಯಷ್ಟು. ಅದರ ತಳದಲ್ಲಿರುವ ಒಂದೇ ಸಾಲಿನ ಜೀವಕೋಶಗಳು ಸದಾ ಒಡೆದು ಎರಡಾಗುತ್ತಿರುತ್ತವೆ. ಹೊಸದು ಹುಟ್ಟಿದಂತೆ ಹಳೆಯದು ಮೇಲಕ್ಕೆ ಸರಿಯುತ್ತ, ಕೆರಟಿನ್ ಎಂಬ ಗಟ್ಟಿ ಪ್ರೋಟೀನನ್ನು ತುಂಬಿಕೊಳ್ಳುತ್ತ, ಚಪ್ಪಟೆಯಾಗುತ್ತ, ಸುಮಾರು ನಾಲ್ಕು ವಾರಗಳಲ್ಲಿ ಮೇಲ್ಮೈ ತಲುಪಿ ಸತ್ತ ಹುರುಪೆಯಾಗಿ ಉದುರುತ್ತದೆ. ಹೊರಚರ್ಮದಲ್ಲಿ ರಕ್ತನಾಳಗಳೇ ಇಲ್ಲ. ಅದರ ಕೆಳಗಿನದು ಒಳಚರ್ಮ, ಹತ್ತಾರು ಪಟ್ಟು ದಪ್ಪ, ಕೊಲ್ಲಾಜನ್ ಎಳೆಗಳ ಬಲವಾದ ಹೆಣಿಗೆ. ರಕ್ತನಾಳ, ನರತುದಿ, ಬೆವರುಗ್ರಂಥಿ, ತೈಲಗ್ರಂಥಿ, ರೋಮಕೂಪ ಇವೆಲ್ಲವೂ ಇರುವುದು ಇಲ್ಲಿ. ಕೆಲವು ರೋಮಕೂಪಗಳ ಬುಡ ಇನ್ನೂ ಕೆಳಗಿನ ಕೊಬ್ಬಿನ ಪದರಕ್ಕೂ ಇಳಿದಿರುತ್ತದೆ.

ಹೊರಚರ್ಮದ ಜೊತೆಗೆ ಒಳಚರ್ಮದ ಮೇಲ್ಪದರವಷ್ಟೇ ಸುಟ್ಟರೆ ಬೊಬ್ಬೆ ಏಳುತ್ತದೆ. ಬೊಬ್ಬೆಯ ಮುಚ್ಚಳ ಹೋದಾಗ ಜೀವಂತ ನರತುದಿಗಳು ಗಾಳಿಗೆ ತೆರೆದುಕೊಳ್ಳುತ್ತವೆ. ಬೀಸಣಿಗೆಯ ಗಾಳಿ ಸೋಕಿದರೂ ಪ್ರಾಣ ಹೋದಂತಾಗುತ್ತದೆ. ಬೆಂಕಿ ಅಥವಾ ಬಿಸಿನೀರು ಒಳಚರ್ಮದ ತಳದವರೆಗೂ ಇಳಿದರೆ ನರತುದಿಗಳೇ ಸಾಯುತ್ತವೆ, ನೋವಿನ ಸುದ್ದಿಯನ್ನು ಮಿದುಳಿಗೆ ತಲುಪಿಸಲು ಅಲ್ಲಿ ಏನೂ ಉಳಿಯುವುದಿಲ್ಲ. ಈ ರೋಗಿಯ ತೊಡೆ ಬೊಬ್ಬೆ ಹೊಡೆಯುತ್ತಿದ್ದುದು ಅದು ಬದುಕಿದ್ದರಿಂದ. ಪಾದ ಸುಮ್ಮನಿದ್ದುದಕ್ಕೆ ಬೇರೆ ಕಾರಣವಿತ್ತು.

ಒಂದು ಬೆರಳು, ಒಂದು ಕೂದಲು

ಮೂರನೆಯ ದಿನ ರೋಗಿ ನಮ್ಮ ಸುಟ್ಟಗಾಯಗಳ ಘಟಕಕ್ಕೆ ಬಂದರು. ಅವರನ್ನು ಕಳುಹಿಸಿದ್ದು ತೊಡೆಯ ನೋವಿಗಾಗಿ. ಸುಟ್ಟ ಪ್ರದೇಶ ಒಟ್ಟು ದೇಹದ ಮೇಲ್ಮೈಯ ಸುಮಾರು ಪ್ರತಿಶತ 7ರಷ್ಟಿತ್ತು. ಬೆರಳುಗಳೂ ಸೇರಿದಂತೆ ರೋಗಿಯ ಅಂಗೈಯನ್ನು ಸುಮಾರು ಪ್ರತಿಶತ 1 ಎಂದು ಹಿಡಿಯುವುದು ಇದಕ್ಕೆ ಬಳಸುವ ಸುಲಭ ಅಳತೆ. ವಯಸ್ಕರಲ್ಲಿ ಪ್ರತಿಶತ 15ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ರಕ್ತನಾಳದ ಮೂಲಕ ದ್ರವ ಕೊಡುವ ಅಗತ್ಯ ಬೀಳುವುದಿಲ್ಲ, ಬಾಯಿಂದ ಕುಡಿದರೆ ಸಾಕು. ಆದರೂ ತೊಡೆಯ ಬ್ಯಾಂಡೇಜು ದಿನಕ್ಕೆರಡು ಬಾರಿ ತೊಯ್ದು ತೊಪ್ಪೆಯಾಗುತ್ತಿತ್ತು. ದೇಹದ ನೀರನ್ನು ಒಳಗೇ ಹಿಡಿದಿಡುವುದು ಹೊರಚರ್ಮದ ತೀರಾ ಮೇಲಿನ ಸತ್ತ ಪದರ ಮತ್ತು ಅದರ ಕೋಶಗಳ ನಡುವೆ ಗಾರೆಯಂತೆ ತುಂಬಿರುವ ಮೇದಸ್ಸು. ಅದು ಕಳಚಿದೊಡನೆ ರಕ್ತದ ದ್ರವಭಾಗವಾದ ಪ್ಲಾಸ್ಮಾ ಹೊರಗೆ ಒಸರತೊಡಗುತ್ತದೆ. ನಾವು ಸತ್ತ ಚರ್ಮವೆಂದು ಉಜ್ಜಿ ತೆಗೆಯುವ ಪದರದ ಕೆಲಸ ಇದು.

ಡ್ರೆಸ್ಸಿಂಗ್ ಬಿಚ್ಚುವಾಗ ಘಟಕದ ಹಿರಿಯ ದಾದಿಯೊಬ್ಬರ ಜೊತೆ ನಾನಿದ್ದೆ. ರೋಗಿ ಹಾಸಿಗೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡು, "ಸಿಸ್ಟರ್, ತೊಡೆ ಹತ್ತಿರ ಮೆಲ್ಲಗೆ ಬಿಚ್ಚಿ. ಪಾದದ್ದು ಹೇಗೆ ಬೇಕಾದರೂ ತೆಗೆಯಿರಿ, ಅಲ್ಲಿ ಏನೂ ಗೊತ್ತಾಗುವುದಿಲ್ಲ" ಎಂದರು. ದಾದಿಯ ಕೈ ಒಂದು ಕ್ಷಣ ನಿಂತಿತು. ಅವರು ತೊಡೆಯನ್ನು ಹಾಗೆಯೇ ಬಿಟ್ಟು ಮೊದಲು ಪಾದದ ಬ್ಯಾಂಡೇಜನ್ನು ಪೂರ್ತಿ ಬಿಚ್ಚಿದರು. ಈ ಪ್ರಕರಣದ ದಿಕ್ಕು ಬದಲಾದದ್ದು ಅಲ್ಲಿ. ಆ ಮಾತನ್ನು ಸಮಾಧಾನದ ಸುದ್ದಿಯೆಂದು ಕೇಳಿಸಿಕೊಳ್ಳದೆ, ಅದೊಂದು ಲಕ್ಷಣವೆಂದು ಕೇಳಿಸಿಕೊಂಡವರು ಅವರು.

ಬಿಳಿ ಮುಲಾಮು ಗಾಯದ ಮೇಲೆ ಒಸರಿದ ದ್ರವದೊಡನೆ ಬೆರೆತು ಹಳದಿ ಹೊದಿಕೆಯಂತೆ ಅಂಟಿಕೊಂಡಿತ್ತು. ಆಳವನ್ನು ಇನ್ನೂ ನಿರ್ಧರಿಸಿಲ್ಲದ ಗಾಯಕ್ಕೆ ಈ ಮುಲಾಮು ಹಚ್ಚಬಾರದೆಂದು ಹೇಳುವುದು ಇದೇ ಕಾರಣಕ್ಕೆ. ಅದರ ಕೆಳಗೇನಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಬೆಚ್ಚನೆಯ ಉಪ್ಪುನೀರಿನಲ್ಲಿ ನೆನೆಸಿ ಅದನ್ನು ತೆಗೆದ ಮೇಲೆ ಪಾದದ ಮೇಲ್ಭಾಗ ಮೂರು ಬಣ್ಣಗಳಲ್ಲಿ ಕಂಡಿತು. ಹೊರ ಅಂಚಿನಲ್ಲಿ ತೇವವಾದ ತಿಳಿಗುಲಾಬಿ, ಅದರೊಳಗೆ ಗಾಢವಾದ ಕೆಂಪು, ನಟ್ಟನಡುವೆ ಅಂಗೈಯಗಲದ ಜಾಗ ಮೇಣದಂತೆ ಬಿಳುಪು.

ಮೊದಲ ಚಿಕಿತ್ಸಾಲಯದವರನ್ನು ದಾರಿ ತಪ್ಪಿಸಿದ್ದು ಆ ಕೆಂಪು. ಕೆಂಪಿದ್ದಲ್ಲಿ ರಕ್ತ ಓಡುತ್ತಿದೆ, ರಕ್ತ ಓಡುತ್ತಿದ್ದರೆ ಚರ್ಮ ಬದುಕಿದೆ ಎಂಬುದು ಅವರ ತರ್ಕವಾಗಿತ್ತು. ಬೆರಳಿನಿಂದ ಒತ್ತಿ ನೋಡಿದ್ದರೆ ಉತ್ತರ ಸಿಗುತ್ತಿತ್ತು. ಹೊರ ಅಂಚನ್ನು ಒತ್ತಿದಾಗ ಅದು ಬೆಳ್ಳಗಾಗಿ, ಬೆರಳು ತೆಗೆದೊಡನೆ ಮತ್ತೆ ಬಣ್ಣ ತುಂಬಿಕೊಂಡಿತು. ಒಳಗಿನ ಗಾಢ ಕೆಂಪನ್ನು ಒತ್ತಿದರೆ ಬಣ್ಣ ಕದಲಲಿಲ್ಲ. ಹರಿಯುವ ರಕ್ತ ಒತ್ತಿದರೆ ಸರಿದುಹೋಗುತ್ತದೆ. ಸುಟ್ಟು ಒಡೆದ ಸೂಕ್ಷ್ಮನಾಳಗಳಿಂದ ಹೊರಬಂದು ಅಂಗಾಂಶದಲ್ಲೇ ನಿಂತ ರಕ್ತ ಸರಿಯುವುದಿಲ್ಲ, ಅದು ಬಟ್ಟೆಗೆ ಹಿಡಿದ ಕಲೆಯ ಹಾಗೆ. ಆಮೇಲೆ ಸೂಜಿಯ ಮೊನೆಯಿಂದ ಮುಟ್ಟಿದೆವು. ಅಂಚಿನಲ್ಲಿ ಚುರುಕ್ಕೆಂದಿತು, ಗಾಢ ಕೆಂಪಿನಲ್ಲಿ ಏನೋ ಒತ್ತಿದಂತಾಯಿತು, ಬಿಳುಪಿನಲ್ಲಿ ಏನೂ ಇಲ್ಲ. ಆ ಬಿಳುಪಿನಲ್ಲಿ ಇನ್ನೂ ನಿಂತಿದ್ದ ಒಂದು ಕೂದಲನ್ನು ಚಿಮುಟದಿಂದ ಹಿಡಿದಾಗ ಅದು ಎಳೆಯುವ ಮುನ್ನವೇ ಬುಡಸಮೇತ ಬಂದುಬಿಟ್ಟಿತು. ರೋಗಿ ಅದನ್ನು ನೋಡುತ್ತಲೇ ಇದ್ದರು, ಆದರೆ ಅವರಿಗೆ ತಿಳಿಯಲಿಲ್ಲ.

ಅದೇ ಪಾದದ ಅಂಗಾಲನ್ನೂ ತಿರುಗಿಸಿ ನೋಡಿದೆವು. ಅದೇ ಕಾಲ್ಚೀಲದ ಅದೇ ನೀರು ಅಂಗಾಲಿಗೂ ತಾಗಿಕೊಂಡಿತ್ತು. ಅಲ್ಲಿ ಒಂದು ದೊಡ್ಡ ಬೊಬ್ಬೆ ಬಿಟ್ಟರೆ ಬೇರೇನೂ ಇರಲಿಲ್ಲ. ಅಂಗಾಲಿನಲ್ಲಿ ಹೊರಚರ್ಮ ಬೇರೆಡೆಗಿಂತ ಹತ್ತು ಪಟ್ಟಿಗೂ ಹೆಚ್ಚು ದಪ್ಪವಿರಬಹುದು, ಅದರಲ್ಲಿ ಬಹುಪಾಲು ಒಣಗಿದ ಕೆರಟಿನ್ ಪದರ. ನಡೆದಾಡುವ ಸವೆತಕ್ಕೆಂದು ಇರುವ ಆ ಪದರ ಅಂದು ಬಿಸಿಯನ್ನೂ ತಡೆಯಿತು. ಒಂದೇ ಪಾದದ ಎರಡು ಮುಖಗಳಲ್ಲಿ ಚರ್ಮದ ದಪ್ಪದಲ್ಲಿ ಇಷ್ಟು ಅಂತರವಿದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ನಾನು ಬೇರೆಲ್ಲೂ ಕಂಡಿಲ್ಲ.

ಕಾಯುವುದೋ, ಕಸಿ ಮಾಡುವುದೋ

ತೊಡೆಯ ವಿಷಯದಲ್ಲಿ ತೀರ್ಮಾನ ಸುಲಭವಾಗಿತ್ತು. ತೇವ ಉಳಿಸುವ ಡ್ರೆಸ್ಸಿಂಗ್ ಮಾಡಿ ಸುಮ್ಮನಿದ್ದರೆ ಎರಡು ವಾರದೊಳಗೆ ಅದು ತಾನೇ ಮುಚ್ಚುತ್ತದೆ. ಗಾಯವನ್ನು ಒಣಗಲು ಬಿಡಬೇಕೆಂಬ ಹಳೆಯ ನಂಬಿಕೆ ರೋಗಿಯ ಮನೆಯವರಲ್ಲೂ ಇತ್ತು. 1962ರಲ್ಲಿ ಜಾರ್ಜ್ ವಿಂಟರ್ ಹಂದಿಗಳ ಚರ್ಮದ ಮೇಲೆ ಮಾಡಿದ ಪ್ರಯೋಗದಲ್ಲಿ, ಮುಚ್ಚಿ ತೇವವಾಗಿರಿಸಿದ ಗಾಯಗಳ ಮೇಲೆ ಹೊರಚರ್ಮ ಒಣಗಲು ಬಿಟ್ಟವುಗಳಿಗಿಂತ ಸುಮಾರು ಎರಡು ಪಟ್ಟು ಬೇಗ ಹರಡಿತ್ತು. ಹೊಸ ಕೋಶಗಳು ತೇವದಲ್ಲಿ ತೆವಳುತ್ತವೆ. ಹಕ್ಕಳೆ ಕಟ್ಟಿದರೆ ಅದರ ಅಡಿಯಲ್ಲಿ ದಾರಿ ಕೊರೆದುಕೊಂಡು ಹೋಗಬೇಕಾಗುತ್ತದೆ.

ಪಾದದ ವಿಷಯದಲ್ಲಿ ನಮ್ಮೊಳಗೇ ಒಮ್ಮತವಿರಲಿಲ್ಲ. ಸತ್ತ ಚರ್ಮವನ್ನು ಕೂಡಲೇ ಕೆತ್ತಿ ತೆಗೆದು ಕಸಿ ಮಾಡಬೇಕು, ಅಂದರೆ ದೇಹದ ಬೇರೆ ಜಾಗದ ಚರ್ಮವನ್ನು ತಂದು ಹೊದಿಸಬೇಕೆಂಬುದು ಒಂದು ಪಕ್ಷ. ಮೂರು ವಾರಕ್ಕಿಂತ ಹೆಚ್ಚು ಕಾಲ ತೆರೆದಿರುವ ಗಾಯ ಗಡುಸಾಗಿ ಉಬ್ಬಿದ ಕಲೆಯಾಗುವ ಸಂಭವ ಹೆಚ್ಚು, ಸತ್ತ ಅಂಗಾಂಶ ಸೋಂಕಿಗೆ ಆಹಾರ, ಅದೂ ಕೀಲಿನ ಮೇಲೆ ಇರುವ ಜಾಗ. ಇವು ಅವರ ಕಾರಣಗಳು. ಇನ್ನೊಂದು ಪಕ್ಷದ ಕಾರಣವೂ ಹಗುರವಾದದ್ದಲ್ಲ. ಸುಟ್ಟಗಾಯದ ಆಳವನ್ನು ಕಣ್ಣಳತೆಯಿಂದ ಅಳೆಯುವುದರಲ್ಲಿ ಅನುಭವಿಗಳೂ ಸುಮಾರು ಮೂರರಲ್ಲಿ ಒಮ್ಮೆ ತಪ್ಪುತ್ತಾರೆ. ಡಗ್ಲಸ್ ಜಾಕ್ಸನ್ 1953ರಲ್ಲಿ ವಿವರಿಸಿದಂತೆ, ನಡುವೆ ಸತ್ತ ವಲಯವಿದ್ದರೆ ಅದರ ಸುತ್ತ ರಕ್ತಸಂಚಾರ ಕುಂಠಿತವಾದ ವಲಯವೊಂದಿರುತ್ತದೆ. ಅದು ಮೊದಲ ಕೆಲವು ದಿನಗಳಲ್ಲಿ ಉಳಿಯಲೂಬಹುದು, ಸಾಯಲೂಬಹುದು. ನಮ್ಮ ಗಾಢ ಕೆಂಪಿನ ಉಂಗುರ ಅದೇ ಆಗಿದ್ದರೆ, ಅವಸರಿಸಿ ಕೆತ್ತುವುದೆಂದರೆ ಬದುಕಬಲ್ಲ ಚರ್ಮವನ್ನು ನಾವೇ ತೆಗೆದುಹಾಕಿದಂತೆ.

ರೋಗಿಗೆ ಶಸ್ತ್ರಚಿಕಿತ್ಸೆ ಬೇಡವಾಗಿತ್ತು. ನೋವೇ ಇಲ್ಲದ ಜಾಗಕ್ಕೆ ಕತ್ತಿ ಹಾಕಿ, ಅದಕ್ಕಾಗಿ ಆರೋಗ್ಯವಾಗಿರುವ ಇನ್ನೊಂದು ತೊಡೆಯಿಂದ ಚರ್ಮ ತೆಗೆಯುವುದು ಅವರಿಗೆ ಅರ್ಥವಾಗಲಿಲ್ಲ. "ನೋವಿರುವ ಕಾಲನ್ನು ಸುಮ್ಮನೆ ಬಿಡುತ್ತೀರಿ, ನೋವಿಲ್ಲದ್ದನ್ನು ಕೊಯ್ಯುತ್ತೀರಿ, ಇದೇನು ಡಾಕ್ಟರೇ?" ಎಂದು ಕೇಳಿದರು. ನಾನು ಕಾಗದದ ಮೇಲೆ ಚರ್ಮದ ಪದರಗಳನ್ನು ಬರೆದು, ರೋಮಕೂಪಗಳನ್ನು ಬಾವಿಗಳಂತೆ ಕೆಳಕ್ಕೆ ಎಳೆದು ತೋರಿಸಿದೆ. ರೋಮಕೂಪವೂ ಬೆವರುಗ್ರಂಥಿಯ ನಾಳವೂ ಭ್ರೂಣದಲ್ಲಿ ಹೊರಚರ್ಮವೇ ಒಳಚರ್ಮದೊಳಕ್ಕೆ ಇಳಿದು ರೂಪುಗೊಂಡವು. ಆದ್ದರಿಂದ ಅವುಗಳ ಒಳಗೋಡೆಯಲ್ಲಿ ಹೊರಚರ್ಮವನ್ನು ಮತ್ತೆ ಕಟ್ಟಬಲ್ಲ ಕೋಶಗಳಿರುತ್ತವೆ. ಮೇಲಿನದೆಲ್ಲ ಸುಟ್ಟು ಹೋದರೂ ಈ ಬಾವಿಗಳ ತಳ ಉಳಿದಿದ್ದರೆ ಅಲ್ಲಿಂದ ಕೋಶಗಳು ಮೇಲೆ ಹತ್ತಿ ಬಂದು ಹರಡಿಕೊಳ್ಳುತ್ತವೆ. ತಳವೂ ಸತ್ತಿದ್ದರೆ ಗಾಯ ಮುಚ್ಚಲು ಉಳಿಯುವ ದಾರಿ ಅಂಚಿನಿಂದ ಒಳಕ್ಕೆ ತೆವಳುವುದೊಂದೇ, ಅಂಗೈಯಗಲದ ಗಾಯಕ್ಕೆ ಅದು ತಿಂಗಳುಗಳ ಕೆಲಸ. ಅವರು ಚಿತ್ರವನ್ನು ಬಹಳ ಹೊತ್ತು ನೋಡಿ, "ಹಾಗಾದರೆ ಬಾವಿಯಲ್ಲಿ ನೀರಿದೆಯೋ ಇಲ್ಲವೋ ನೋಡಿ ಆಮೇಲೆ ಹೇಳಿ" ಎಂದರು. ಹತ್ತನೆಯ ದಿನದವರೆಗೆ ಕಾಯುವುದೆಂದು ಒಪ್ಪಿದೆವು.

ಹತ್ತನೆಯ ದಿನ ಬೆಳಿಗ್ಗೆ ದೀಪವನ್ನು ಓರೆಯಾಗಿ ಹಿಡಿದು, ಭೂತಗನ್ನಡಿಯಲ್ಲಿ ನೋಡಿದೆವು. ಗಾಢ ಕೆಂಪಿನ ಉಂಗುರದ ಹೊರ ಅರ್ಧದಲ್ಲಿ ಸಾಸಿವೆಗಿಂತಲೂ ಚಿಕ್ಕದಾದ, ಮುತ್ತಿನ ಬಣ್ಣದ ಚುಕ್ಕೆಗಳು ಅಲ್ಲಲ್ಲಿ ಎದ್ದಿದ್ದವು. ಒಂದೊಂದು ಚುಕ್ಕೆಯೂ ಒಂದೊಂದು ರೋಮಕೂಪದ ಬಾಯಿ. ಅಲ್ಲಿಂದ ಹೊರಬಂದ ಹೊಸ ಹೊರಚರ್ಮದ ದ್ವೀಪ. ಕೆಲವು ಆಗಲೇ ಪಕ್ಕದವುಗಳೊಡನೆ ಕೂಡಿಕೊಂಡಿದ್ದವು. ಉಂಗುರದ ಒಳ ಅರ್ಧದಲ್ಲೂ ನಡುವಿನ ಬಿಳುಪಿನಲ್ಲೂ ಒಂದು ಚುಕ್ಕೆಯೂ ಇರಲಿಲ್ಲ. ನಾನು ರೋಗಿಯ ಕೈಗೆ ಗಾಜನ್ನು ಕೊಟ್ಟೆ. ಅವರು ತಾವೇ ಎಣಿಸಿದರು, ನಡುವಿನಲ್ಲಿ ಹುಡುಕಿದರು, ಗಾಜನ್ನು ಹಿಂದಕ್ಕೆ ಕೊಟ್ಟು ಒಪ್ಪಿಗೆ ಪತ್ರ ಕೇಳಿದರು.

ಕಸಿ ಮತ್ತು ಅದರ ನಂತರ

ಹನ್ನೆರಡನೆಯ ದಿನ ಸತ್ತ ಭಾಗವನ್ನು ರಕ್ತ ಜಿನುಗುವ ಆಳದವರೆಗೆ ಕೆತ್ತಿ, ಬಲತೊಡೆಯಿಂದ ಸುಮಾರು 0.3 ಮಿಲಿಮೀಟರ್ ದಪ್ಪದ ಚರ್ಮವನ್ನು ತೆಗೆದು ಹೊದಿಸಿದೆವು. ಅಷ್ಟು ತೆಳುವಾದ ಹಾಳೆಯಲ್ಲಿ ಇಡೀ ಹೊರಚರ್ಮ ಮತ್ತು ಒಳಚರ್ಮದ ಮೇಲಿನ ಸ್ವಲ್ಪ ಭಾಗ ಮಾತ್ರ ಬರುತ್ತದೆ. ರೋಮಕೂಪ, ಬೆವರುಗ್ರಂಥಿಗಳ ಬುಡ ಕೊಟ್ಟ ತೊಡೆಯಲ್ಲೇ ಉಳಿಯುತ್ತದೆ; ಹಾಗಾಗಿಯೇ ಕೊಟ್ಟ ಜಾಗ ತಾನೇ ಮತ್ತೆ ಮುಚ್ಚಿಕೊಳ್ಳಬಲ್ಲದು. ಕಸಿ ಮಾಡಿದ ಚರ್ಮಕ್ಕೆ ಮೊದಲ ಎರಡು ದಿನ ಸ್ವಂತ ರಕ್ತಸಂಚಾರವಿರುವುದಿಲ್ಲ, ಅಡಿಯಿಂದ ಒಸರುವ ಪ್ಲಾಸ್ಮಾವನ್ನು ಹೀರಿಕೊಂಡು ಬದುಕುತ್ತದೆ. ಆಮೇಲೆ ಅದರ ನಾಳಗಳ ಕಡಿದ ಬಾಯಿಗಳು ಅಡಿಯ ನಾಳಗಳೊಡನೆ ಕೂಡಿಕೊಳ್ಳುತ್ತವೆ. ಈ ಕೂಡುವಿಕೆಗೆ ಪಾದ ಅಲುಗಾಡಬಾರದು, ಕಸಿಯ ಅಡಿಯಲ್ಲಿ ರಕ್ತ ಹೆಪ್ಪುಗಟ್ಟಬಾರದು. ಐದನೆಯ ದಿನ ತೆರೆದಾಗ ಕಸಿ ತಿಳಿಗುಲಾಬಿಯಾಗಿ ಅಂಟಿಕೊಂಡಿತ್ತು. ಒಂದು ಮೂಲೆಯಲ್ಲಿ ಉಗುರಿನಷ್ಟು ಜಾಗ ಮಾತ್ರ ಹೆಪ್ಪುಗಟ್ಟಿದ ರಕ್ತದಿಂದ ಕಪ್ಪಾಗಿ ಹೋಗಿತ್ತು.

ನಾವು ರೋಗಿಗೆ ಮೊದಲೇ ಸಾಕಷ್ಟು ಒತ್ತಿ ಹೇಳದೆ ಬಿಟ್ಟ ಒಂದು ಸಂಗತಿ ಇಲ್ಲಿ ಅವರನ್ನು ಕಾಡಿತು. ಚರ್ಮ ಕೊಟ್ಟ ಬಲತೊಡೆ ಸುಟ್ಟ ತೊಡೆಗಿಂತ ಹೆಚ್ಚು ನೋಯಿತು. ಹೊರಚರ್ಮವನ್ನು ಕತ್ತಿಯಿಂದ ಎತ್ತಿದ ಮೇಲೆ ಆರೋಗ್ಯವಂತ ನರತುದಿಗಳೆಲ್ಲ ಒಟ್ಟಿಗೆ ತೆರೆದುಕೊಂಡಿರುತ್ತವೆ. ಎರಡು ವಾರದಲ್ಲಿ ಅದು ಮುಚ್ಚಿತು, ಸುಟ್ಟ ತೊಡೆಯೂ ಅಷ್ಟರಲ್ಲಿ ಮುಚ್ಚಿತ್ತು. ಆದರೆ ಆ ಎರಡು ವಾರ ನಮ್ಮ ಮೇಲಿನ ಅವರ ನಂಬಿಕೆ ಸಡಿಲಗೊಂಡಿತ್ತು, ಅದಕ್ಕೆ ಕಾರಣ ನಾವೇ.

ಎರಡನೆಯ ತಿಂಗಳಲ್ಲಿ ಇನ್ನೊಂದು ಹಿನ್ನಡೆ. ಮೊದಲ ಬಾರಿ ಶೂ ಹಾಕಿ ಸ್ವಲ್ಪ ದೂರ ನಡೆದ ದಿನ ಕಸಿಯ ಮೇಲೆ ಹೊಸ ಬೊಬ್ಬೆಗಳೆದ್ದವು. ಮತ್ತೆ ಸುಟ್ಟಿತೇ ಎಂದು ಅವರು ಗಾಬರಿಯಾದರು. ಸಹಜ ಚರ್ಮದಲ್ಲಿ ಹೊರಚರ್ಮದ ಅಡಿಭಾಗ ಮತ್ತು ಒಳಚರ್ಮದ ಮೇಲ್ಭಾಗ ಎರಡು ಕೈಗಳ ಬೆರಳು ಹೆಣೆದಂತೆ ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ, ನಡುವೆ ಅತಿಸೂಕ್ಷ್ಮ ನಾರುಗಳ ಬೆಸುಗೆ ಇರುತ್ತದೆ. ಹೊಸದಾಗಿ ಕೂಡಿಕೊಂಡ ಚರ್ಮದಲ್ಲಿ ಆ ಹೆಣಿಗೆ ಇನ್ನೂ ಪಕ್ವವಾಗಿರುವುದಿಲ್ಲ, ಉಜ್ಜಿದರೆ ಜಾರುತ್ತದೆ. ಮೆತ್ತನೆಯ ಒಳಪದರವಿರುವ ಪಾದರಕ್ಷೆ ಕೊಟ್ಟೆವು. ಐದಾರು ತಿಂಗಳಲ್ಲಿ ಬೊಬ್ಬೆ ಏಳುವುದು ನಿಂತಿತು.

ಕಸಿಯ ಅಂಚಿನ ಕಲೆ ಕುಗ್ಗುತ್ತ ಪಾದವನ್ನು ಮೇಲಕ್ಕೆ ಎಳೆಯತೊಡಗಿತ್ತು. ರಾತ್ರಿ ಕಟ್ಟುಪಟ್ಟಿ, ಹಗಲು ಬಿಗಿಯಾದ ಒತ್ತುಬಟ್ಟೆ, ದಿನಕ್ಕೆ ಹಲವು ಸಲ ಪಾದವನ್ನು ಕೆಳಕ್ಕೆ ಚಾಚುವ ವ್ಯಾಯಾಮ, ಹೀಗೆ ಒಂದು ವರ್ಷ ನಡೆಯಿತು. ಇದರಲ್ಲಿ ಹೇಳುವಂಥ ತಿರುವೇನೂ ಇಲ್ಲ, ಬಿಡದೆ ಮಾಡಿದ್ದೇ ದೊಡ್ಡದು.

ಕಸಿ ತರಲಾರದ್ದು

ವರ್ಷ ತುಂಬಿದಾಗ ರೋಗಿಯ ದೂರು ಒಂದೇ ಇತ್ತು: ಪಾದದ ಮೇಲ್ಭಾಗ ಸದಾ ಒಣಗಿ ಬಿರಿಯುತ್ತದೆ, ಎಷ್ಟು ಎಣ್ಣೆ ಹಚ್ಚಿದರೂ ಸಾಲದು. ಪಿಷ್ಟ ಮತ್ತು ಅಯೋಡಿನ್ ಬಳಸಿ ಬೆವರನ್ನು ಕಾಣುವಂತೆ ಮಾಡುವ, 1928ರಲ್ಲಿ ಮೈನರ್ ಎಂಬ ನರವೈದ್ಯರು ವಿವರಿಸಿದ ಪರೀಕ್ಷೆಯನ್ನು ಮಾಡಿದೆವು. ಎಡಗಾಲಿಗೆಲ್ಲ ಅಯೋಡಿನ್ ಬಳಿದು, ಒಣಗಿದ ಮೇಲೆ ಪಿಷ್ಟದ ಪುಡಿ ಉದುರಿಸಿ, ಅವರನ್ನು ಬಿಸಿ ಕೋಣೆಯಲ್ಲಿ ಸ್ಥಿರ ಸೈಕಲ್ ತುಳಿಯಲು ಕೂರಿಸಿದೆವು. ಹತ್ತು ನಿಮಿಷದಲ್ಲಿ ತೊಡೆಯ ಮೇಲೆ ಕಪ್ಪುನೀಲಿ ಚುಕ್ಕೆಗಳು ಮಳೆಹನಿಗಳ ಹಾಗೆ ಮೂಡಿದವು, ಒಂದು ಚುಕ್ಕೆಗೆ ಒಂದು ಬೆವರುಗ್ರಂಥಿ. ಚುಕ್ಕೆಗಳು ಮೊಣಕಾಲು ದಾಟಿ, ಕಣಕಾಲು ತಲುಪಿ, ಕಸಿಯ ಅಂಚಿನಲ್ಲಿ ಗೆರೆ ಎಳೆದಂತೆ ನಿಂತವು. ಒಳಗಡೆ ಪುಡಿ ಹಾಕಿದ ಹಾಗೆಯೇ ಒಣಗಿತ್ತು.

ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ದೇಹದಿಂದ ಸುಮಾರು 580 ಕಿಲೋಕ್ಯಾಲರಿ ಶಾಖ ಹೊರಹೋಗುತ್ತದೆ. ಇಪ್ಪತ್ತರಿಂದ ನಲವತ್ತು ಲಕ್ಷ ಬೆವರುಗ್ರಂಥಿಗಳಿರುವ ದೇಹದಲ್ಲಿ ಅಂಗೈಯಗಲದ ಒಣಜಾಗ ಲೆಕ್ಕಕ್ಕೆ ಬಾರದು. ಆದರೆ ದೇಹದ ಅರ್ಧಭಾಗಕ್ಕೆ ಕಸಿಯಾದವರು ಬೇಸಿಗೆಯಲ್ಲಿ ಹತ್ತು ಹೆಜ್ಜೆ ನಡೆದು ಏಕೆ ಕುಸಿದು ಕೂರುತ್ತಾರೆ ಎಂಬುದು ಆ ಒಂದು ಗೆರೆಯನ್ನು ನೋಡಿದರೆ ತಿಳಿಯುತ್ತದೆ. ತೈಲಗ್ರಂಥಿಗಳೂ ಕಸಿಯೊಡನೆ ಕೆಲಸಕ್ಕೆ ಬರುವಂತೆ ಬರಲಿಲ್ಲ, ಬಿರುಕಿಗೆ ಕಾರಣ ಅದು. ಕೂದಲಂತೂ ಬೆಳೆಯಲೇ ಇಲ್ಲ. ಬಣ್ಣದ ವಿಷಯದಲ್ಲಿ ಉಲ್ಟಾ ಆಯಿತು. ಹೊರಚರ್ಮದ ತಳದ ಸಾಲಿನಲ್ಲಿರುವ ಮೆಲನಿನ್ ತಯಾರಿಸುವ ಕೋಶಗಳು ಕಸಿಯೊಡನೆ ಬಂದವು, ಬಂದು ಅಗತ್ಯಕ್ಕಿಂತ ಹೆಚ್ಚೇ ದುಡಿದವು. ಕಸಿ ಸುತ್ತಲಿನ ಚರ್ಮಕ್ಕಿಂತ ಕಪ್ಪಾಯಿತು. ಸುಟ್ಟ ತೊಡೆ ಮೊದಲು ಬಿಳಿಚಿಕೊಂಡು, ಆಮೇಲೆ ಕಪ್ಪಾಗಿ, ಎಂಟನೆಯ ತಿಂಗಳ ಹೊತ್ತಿಗೆ ಮೊದಲಿನ ಬಣ್ಣಕ್ಕೆ ಮರಳಿತು. ಇಂದು ಆ ತೊಡೆಯಲ್ಲಿ ಕೂದಲಿದೆ, ಬೆವರಿದೆ, ಗುರುತೂ ಇಲ್ಲ. ಮೊದಲ ದಿನ ಗಂಭೀರ ಎಂದು ಬರೆಯಿಸಿಕೊಂಡಿದ್ದ ಜಾಗ ಅದು.

ಈಗ ನಮ್ಮ ಘಟಕದಲ್ಲಿ

ಈ ಪ್ರಕರಣದ ನಂತರ ನಮ್ಮಲ್ಲಿ ಮೂರು ಬದಲಾವಣೆಗಳಾದವು. ಫೋನಿನಲ್ಲಿ ಪ್ರಥಮ ಚಿಕಿತ್ಸೆಯ ಸಲಹೆ ಕೇಳುವವರಿಗೆ ನೀರು ಹರಿಸಿ ಎನ್ನುವ ಮುನ್ನ, ಕಾಲ್ಚೀಲ, ಶೂ, ಬಳೆ, ಉಂಗುರ ಎಲ್ಲವನ್ನೂ, ನೋವಿಲ್ಲದ ಜಾಗದವನ್ನೂ, ಮೊದಲು ಬಿಚ್ಚಿ ಎನ್ನುತ್ತೇವೆ. ಚರ್ಮಕ್ಕೆ ಅಂಟಿಕೊಂಡ ಬಟ್ಟೆಯನ್ನು ಮಾತ್ರ ಕೀಳಬೇಡಿ ಎನ್ನುತ್ತೇವೆ. ಗಾಯದ ನಕ್ಷೆ ಬರೆಯುವಾಗ ಎಲ್ಲಿ ನೋವಿದೆ ಎಂದು ಗುರುತಿಸುವಷ್ಟೇ ಎಚ್ಚರದಿಂದ ಎಲ್ಲಿ ಸ್ಪರ್ಶವಿಲ್ಲ ಎಂದೂ ಗುರುತಿಸುತ್ತೇವೆ. ಒತ್ತಿ ನೋಡಿದ ಫಲಿತಾಂಶ ಅದರ ಪಕ್ಕದಲ್ಲೇ ಇರಬೇಕು.

ಮೂರನೆಯದು ಕಾಯುವ ಅವಧಿ. ಹತ್ತು ದಿನ ಕಾದದ್ದರಿಂದ ಉಂಗುರದ ಹೊರ ಅರ್ಧ ಉಳಿಯಿತು, ಅಷ್ಟು ಕಡಿಮೆ ಕಸಿ ಸಾಕಾಯಿತು. ಆದರೆ ನಡುವಿನ ಬಿಳುಪು ಸತ್ತಿದೆಯೆಂಬುದು ಮೂರನೆಯ ದಿನವೇ ನಮಗೆ ಖಚಿತವಿತ್ತು. ಅದನ್ನು ಐದನೆಯ ದಿನವೇ ಕೆತ್ತಿ ಕಸಿ ಮಾಡಿ, ಸಂದೇಹದ ಉಂಗುರವನ್ನು ಮಾತ್ರ ಕಾಯಲು ಬಿಡಬಹುದಿತ್ತು. ಒಂದು ಗಾಯಕ್ಕೆ ಒಂದೇ ತೀರ್ಮಾನ ಎಂಬ ರೂಢಿಗೆ ನಾವು ಅಂಟಿಕೊಂಡೆವು. ಕಣಕಾಲಿನ ಅಂಚಿನ ಕಲೆ ಅಷ್ಟು ಬಿಗಿದುಕೊಂಡದ್ದಕ್ಕೆ ಆ ಒಂದು ವಾರದ ತಡವೂ ಕಾರಣವೆಂದು ನನ್ನ ಅಭಿಪ್ರಾಯ. ಘಟಕದ ಎಲ್ಲರೂ ಇದನ್ನು ಒಪ್ಪುವುದಿಲ್ಲ.

ಪಾರದರ್ಶಕ ಹಾಳೆ

ಸ್ಪರ್ಶ ಮರಳುವುದನ್ನು ಅಳೆಯಲು ನಾವು ಗಾಯದ ಅಳತೆಗೆ ಬಳಸುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನೇ ಬಳಸಿದೆವು. ರೋಗಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ಹತ್ತಿಯ ಎಳೆಯನ್ನು ಅಂಚಿನಿಂದ ಒಳಕ್ಕೆ ಸರಿಸುತ್ತ, ಎಲ್ಲಿ ಗೊತ್ತಾಗುವುದು ನಿಲ್ಲುತ್ತದೆಯೋ ಅಲ್ಲಿ ಚುಕ್ಕೆ ಇಟ್ಟು, ಚುಕ್ಕೆಗಳನ್ನು ಕೂಡಿಸಿದರೆ ಒಂದು ಗೆರೆ. ಮೂರನೆಯ ತಿಂಗಳ ಗೆರೆ ಕೆಂಪು ಶಾಯಿಯಲ್ಲಿದೆ, ಹೆಚ್ಚುಕಡಿಮೆ ಕಸಿಯ ಅಂಚಿನ ಮೇಲೆಯೇ. ಆರನೆಯ ತಿಂಗಳದು ಹಸಿರು, ಒಂದು ಬೆರಳಗಲ ಒಳಗೆ. ಹನ್ನೆರಡನೆಯದು ನೀಲಿ, ಇನ್ನೂ ಒಳಗೆ, ಕಣಕಾಲಿನ ಕಡೆ ಬೇಗ, ಬೆರಳುಗಳ ಕಡೆ ನಿಧಾನ. ಅಡಿಯಿಂದಲೂ ಅಂಚಿನಿಂದಲೂ ಹೊಸ ನರಗಳು ಹೀಗೆ ಅಂಕುಡೊಂಕಾಗಿ ಒಳಕ್ಕೆ ಚಿಗುರುತ್ತವೆ. ಬಿಸಿ ತಣ್ಣಗಿನ ಅರಿವು ಇದಕ್ಕಿಂತ ಹಿಂದೆ ಉಳಿದಿದೆ, ಆದ್ದರಿಂದ ಸ್ನಾನದ ನೀರನ್ನು ಕೈಯಿಂದ ಮುಟ್ಟಿ ನೋಡಿದ ಮೇಲೆಯೇ ಅವರು ಎಡಗಾಲನ್ನು ಒಡ್ಡುತ್ತಾರೆ.

ಹದಿನೆಂಟನೆಯ ತಿಂಗಳ ಗೆರೆಯನ್ನು ಕಪ್ಪು ಶಾಯಿಯಲ್ಲಿ ಎಳೆಯುತ್ತಿದ್ದಾಗ ಅವರು ಕಣ್ಣು ಮುಚ್ಚಿಯೇ ಇದ್ದರು. ಹತ್ತಿ ನೀಲಿ ಗೆರೆಯನ್ನು ದಾಟಿ ಒಳಗೆ ಹೋದಾಗಲೂ "ಹೂಂ" ಎಂದರು, ಇನ್ನೊಂದು ಅಂಗುಲ ಹೋದಾಗಲೂ "ಹೂಂ" ಎಂದರು. ನಡುವೆ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಮಾತ್ರ ಏನೂ ಹೇಳಲಿಲ್ಲ. ಆ ಹಾಳೆ ಅವರ ಕಡತದಲ್ಲಿದೆ, ಮುಂದಿನ ಭೇಟಿಗೆ ಯಾವ ಬಣ್ಣದ ಶಾಯಿ ಎಂದು ಅವರೇ ಆರಿಸಿ ಹೋಗಿದ್ದಾರೆ.